ಕಲ್ಲು ಜಿಗಿಸುವ ಆಟ

ನಿಂತ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಎಸೆದು, ಮುಳುಗುವ ಮುನ್ನ ಅದು ಹಲವು ಬಾರಿ ಪುಟಿಯುವಂತೆ ಮಾಡುವ ಆಟ. ತೆಳುವಾದ ಬಿಲ್ಲೆಗಲ್ಲು ಅಥವಾ ಹೆಂಚಿನ ಚೂರು ಸಾಕು. ಖರ್ಚಿಲ್ಲದ ಈ ಸಂತೋಷಕ್ಕೆ ವಯಸ್ಸಿನ ಮಿತಿಯಿಲ್ಲ.

ತಂತ್ರ: ತುಸು ಬಗ್ಗಿ, ತೋರುಬೆರಳಿನಿಂದ ಕಲ್ಲಿನ ಅಂಚನ್ನು ತಿರುಗಿಸುತ್ತ ನೀರಿನ ಮಟ್ಟಕ್ಕೆ ಹತ್ತಿರವಾಗಿ ಎಸೆಯಬೇಕು. ಗಿರಕಿ ಕಲ್ಲನ್ನು ಮಗುಚದಂತೆ ಕಾಯುತ್ತದೆ. ತಳ ತಾಗಿದಾಗ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಕಲ್ಲು ನೀರಿಗೆ ಸುಮಾರು 20 ಡಿಗ್ರಿ ವಾಲಿದ್ದರೆ ಉತ್ತಮವೆಂದು 2004ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಅಮೆರಿಕದ ಕರ್ಟ್ ಸ್ಟೈನರ್ 2013ರಲ್ಲಿ 88 ಜಿಗಿತಗಳ ವಿಶ್ವದಾಖಲೆ ಮಾಡಿದರು.

ದಕ್ಷಿಣ ಬೆಂಗಳೂರು: ಈ ಆಟಕ್ಕೆ ನಿಂತ ನೀರು ಬೇಕು. ಜೆ.ಪಿ. ನಗರದ ಸಾರಕ್ಕಿ, ಪುಟ್ಟೇನಹಳ್ಳಿ, ಜಯನಗರದ ಬಳಿಯ ಯಡಿಯೂರು, ಬಿಟಿಎಂ ಬಡಾವಣೆಯ ಮಡಿವಾಳ ಈ ಭಾಗದಲ್ಲಿ ಉಳಿದಿರುವ ಕೆಲವು ಕೆರೆಗಳು. ನೀರುಹಕ್ಕಿಗಳಿಗೂ ಇವೇ ಆಸರೆಯಾದ್ದರಿಂದ ಹಕ್ಕಿಗಳಿರುವ ಕಡೆ ಕಲ್ಲೆಸೆಯಬಾರದು. ಕೆರೆ ಉಳಿದರೆ ಮಾತ್ರ ಆಟವೂ ಉಳಿಯುತ್ತದೆ.