ಜೂಜಿನ ಊರಿಗೊಂದು ಟೀಸಿ

ಜೂನ್ ತಿಂಗಳೆಂದರೆ ಶಾಲೆಗೆ ಮಕ್ಕಳು ಬರುವ ಕಾಲ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿದ ನಮ್ಮಂಥ ಮಾಸ್ತರಿಣಿಯರಿಗೆ ಅದು ಮಕ್ಕಳು ಹೋಗುವ ಕಾಲವೂ ಹೌದು. ಗುಳೆ ಎಂಬ ಶಬ್ದದ ಅರ್ಥವನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ, ಮುಂಗಾರು ಹನಿಯುತ್ತಲೇ ತಿರುಗಿ ಬರುತ್ತಾರೆ. ಹಾಗೆ ಹೋಗುವವರು ಟೀಸಿ ಕೇಳುವುದಿಲ್ಲ. ಮಗು ನಾಲ್ಕು ತಿಂಗಳು ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗಿ ಉಳಿದು ಮತ್ತೆ ಬಂದು ಕೂರುತ್ತದೆ. ಒಬ್ಬ ತಾಯಿ ಬಂದು ‘ಟೀಸಿ ಕೊಡ್ರಿ’ ಎಂದಳೆಂದರೆ, ಅವಳಿಗೆ ತಿರುಗಿ ಬರುವ ಮನಸ್ಸಿಲ್ಲ ಎಂದೇ ಅರ್ಥ. ಇದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

2001ರ ಜೂನ್. ನಾನಾಗ ಕೆಲಸಕ್ಕೆ ಸೇರಿ ಐದು ವರ್ಷ. ಮುಖ್ಯಗುರುಗಳ ಜಾಗ ಖಾಲಿ ಇದ್ದುದರಿಂದ ಪ್ರಭಾರ ನನ್ನ ತಲೆಗೆ ಬಿದ್ದಿತ್ತು. ಎಂಟನೆಯ ಇಯತ್ತೆಗೆ ಬಂದಿದ್ದ ಒಬ್ಬ ಹುಡುಗಿಯ ತಾಯಿ ಬಂದಳು. ಗಂಡ ಓಸಿ ಬರೆಸಿ ಬರೆಸಿ ಎರಡು ಎತ್ತು ಕಳೆದಿದ್ದ, ಅವಳ ಕೊರಳಿನದು ಕಳೆದಿದ್ದ, ಹೊಲ ಒತ್ತಿ ಹಾಕಿದ್ದ. ಅವಳು ಮಗಳನ್ನು ಕರೆದುಕೊಂಡು ಗೋವಾಕ್ಕೆ, ವಾಸ್ಕೋ ಹತ್ತಿರದ ಬೈನಾಕ್ಕೆ ಹೊರಟಿದ್ದಳು. ಅಲ್ಲಿ ಅವಳ ತವರಿನ ಕಡೆಯವರು ಗೌಂಡಿ ಕೆಲಸದಲ್ಲಿದ್ದರು.

‘ಅರ್ಜಿಗೆ ತಂದೆಯ ಸಹಿ ಬೇಕವಾ,’ ಎಂದೆ ನಾನು.

‘ಅವ್ರು ಮಾಡೂದಿಲ್ರಿ ಅಕ್ಕೋರ. ಸಹಿ ಮಾಡಿದ್ರ ನಾ ಹೋಗ್ತೀನಂತ ಗೊತ್ತೈತ್ರಿ ಅವ್ರಿಗೆ.’

‘ನಿಯಮ ಐತಿ. ನಾನೇನು ಮಾಡ್ಲಿ?’

ಮೂರು ಸಲ ಬಂದಳು. ಮೂರು ಸಲವೂ ನಾನು ಅದೇ ಮಾತು ಹೇಳಿದೆ. ನಾಲ್ಕನೆಯ ಸಲ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಗೆರೆ ನೇರವಾಗಿ ಬರಲೆಂದು ಪಟ್ಟಿ ಇಟ್ಟು ಎಳೆದದ್ದು ಈಗಲೂ ನೆನಪಿದೆ.

ಈ ಓಸಿ ಎಲ್ಲಿಂದ ಬಂತು ಎಂಬುದನ್ನು ಆಮೇಲೆ ನಾನು ಓದಿ ತಿಳಿದುಕೊಂಡೆ. ಮುಂಬಯಿಯ ಹತ್ತಿ ವಿನಿಮಯ ಕೇಂದ್ರಕ್ಕೆ ನ್ಯೂಯಾರ್ಕಿನಿಂದ ಹತ್ತಿಯ ಧಾರಣೆ ಬರುತ್ತಿತ್ತಂತೆ. ಪೇಟೆ ತೆರೆಯುವಾಗಿನ ಧಾರಣೆ ಎಷ್ಟು, ಮುಚ್ಚುವಾಗಿನದು ಎಷ್ಟು ಎಂದು ಜನ ಬಾಜಿ ಕಟ್ಟುತ್ತಿದ್ದರು. ಅದೇ ಓಪನ್ ಮತ್ತು ಕ್ಲೋಸ್. ಎರಡರ ಮೊದಲಕ್ಷರ ಸೇರಿ ನಮ್ಮೂರಿನ ಬಾಯಲ್ಲಿ ಓಸಿ. 1961ರಲ್ಲಿ ಆ ಧಾರಣೆ ಬರುವುದು ನಿಂತಿತು, ಬಾಜಿ ನಿಲ್ಲಲಿಲ್ಲ. ಅಂಕಿ ಬರೆದ ಚೀಟಿಗಳನ್ನು ಮಣ್ಣಿನ ಮಡಕೆಗೆ ಹಾಕಿ ಎತ್ತತೊಡಗಿದರು, ಮಟಕಾ ಎಂಬ ಹೆಸರು ಬಂತು. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಇದನ್ನು ದೊಡ್ಡ ದಂಧೆಯಾಗಿ ನಡೆಸಿದರು. ಗಿರಣಿ ಕೂಲಿಕಾರರ ದುಡ್ಡಿನಿಂದ ಬೆಳೆದ ಈ ಆಟ ಮುಂಬಯಿಯಿಂದ ಹೊರಟು ಎರೆಭೂಮಿಯಲ್ಲಿ ಹತ್ತಿ ಬೆಳೆಯುವ ಯಲಬುರ್ಗಾದ ಚಹಾದಂಗಡಿಗೂ ಬಂದು ಕೂತಿತು. ಹತ್ತಿ ಬೆಳೆದವನ ದುಡ್ಡು ಹತ್ತಿಯ ಹೆಸರಿನಲ್ಲಿ ಹುಟ್ಟಿದ ಆಟಕ್ಕೇ ಹೋಯಿತು ನೋಡಿ.

ನಾನೇನು ಗಣಿತದ ಶಿಕ್ಷಕಿಯಲ್ಲ, ಆದರೂ ಒಮ್ಮೆ ಹತ್ತನೆಯ ಇಯತ್ತೆಯ ಹುಡುಗರಿಗೆ ಬೋರ್ಡಿನ ಮೇಲೆ ಈ ಲೆಕ್ಕ ಮಾಡಿ ತೋರಿಸಿದ್ದೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಜೋಡಿ ಅಂಕಿ ನೂರು. ಬರುವುದು ಒಂದೇ. ಚೀಟಿ ಬರೆಯುವವನು ಒಂದು ರೂಪಾಯಿಗೆ ಎಂಬತ್ತು ಕೊಡುತ್ತೇನೆ ಎನ್ನುತ್ತಾನೆ. ನೂರು ಅಂಕಿಗೂ ಒಂದೊಂದು ರೂಪಾಯಿ ಕಟ್ಟಿದರೆ ನೂರು ಹೋಯಿತು, ಎಂಬತ್ತು ಬಂತು. ಉಳಿದ ಇಪ್ಪತ್ತು ಎಲ್ಲಿ ಹೋಯಿತು? ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಂಗಾರ ಎಲ್ಲಾ ಅಂಕಿಗೂ ಕಟ್ಟಬಾರದ್ರಿ, ಬರೂದಕ್ಕಷ್ಟ ಕಟ್ಟಬೇಕ್ರಿ’ ಎಂದ. ಅವನಪ್ಪನೂ ಹೀಗೆಯೇ ಹೇಳುತ್ತಿದ್ದನೇನೋ.

ಜೂಜಿನ ಕಥೆ ಎಂದರೆ ನಮಗೆಲ್ಲ ದ್ರೌಪದಿ ನೆನಪಾಗುತ್ತಾಳೆ. ನನಗೆ ಮಾತ್ರ ದಮಯಂತಿಯೇ ಹತ್ತಿರ. ಅರಣ್ಯಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಗಮನವಿಟ್ಟು ಓದಿ. ನಳ ಪಗಡೆಯಲ್ಲಿ ಸೋಲುತ್ತಲೇ ಇದ್ದಾನೆ. ಮಂತ್ರಿಗಳು ಬಂದರೂ ಕೇಳುತ್ತಿಲ್ಲ, ಹೆಂಡತಿ ಬೇಡಿಕೊಂಡರೂ ಕೇಳುತ್ತಿಲ್ಲ. ಆಗ ಅವಳು ಅಳುತ್ತ ಕೂರಲಿಲ್ಲ. ರಾಜ್ಯ ಪೂರ್ತಿ ಕೈಬಿಡುವ ಮೊದಲೇ ವಾರ್ಷ್ಣೇಯನೆಂಬ ಸಾರಥಿಯನ್ನು ಕರೆಸಿ, ಎರಡು ಮಕ್ಕಳನ್ನು ರಥದಲ್ಲಿ ಕೂರಿಸಿ, ವಿದರ್ಭದ ತನ್ನ ತವರಿಗೆ ಕಳಿಸಿಬಿಟ್ಟಳು. ಗಂಡನನ್ನು ಕೇಳಲಿಲ್ಲ. ಅವಳ ಪಾತಿವ್ರತ್ಯವನ್ನು ಹಾಡಿ ಹೊಗಳುವ ನಾವು ಈ ಒಂದು ಕೆಲಸವನ್ನು ಹೆಚ್ಚಾಗಿ ನೆನೆಯುವುದಿಲ್ಲ. ವಾರ್ಷ್ಣೇಯ, ‘ಮಹಾರಾಜರ ಸಹಿ ತನ್ನಿ’ ಎಂದಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತು?

2001ರಲ್ಲಿ ನಾನು ‘ನಿಯಮ’ ಎಂದೆನಲ್ಲ, ಅದಕ್ಕೆ ಎರಡು ವರ್ಷ ಮೊದಲೇ ದೇಶದ ದೊಡ್ಡ ನ್ಯಾಯಾಲಯ ಬೇರೆ ಮಾತು ಹೇಳಿತ್ತು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ರಿಜರ್ವ್ ಬ್ಯಾಂಕಿಗೆ ಅರ್ಜಿ ಹಾಕಿ, ಪೋಷಕಿಯೆಂದು ತಾವೇ ಸಹಿ ಮಾಡಿದ್ದರು. ಬ್ಯಾಂಕು ತಂದೆಯ ಸಹಿ ಕೇಳಿತು. 1956ರ ಕಾಯ್ದೆ ಹಿಂದೂ ಮಗುವಿಗೆ ತಂದೆಯೇ ಸ್ವಾಭಾವಿಕ ಪೋಷಕ, ‘ಅವನ ನಂತರ’ ತಾಯಿ ಎನ್ನುತ್ತದೆ. ಸುಪ್ರೀಂ ಕೋರ್ಟು 1999ರ ಫೆಬ್ರುವರಿಯಲ್ಲಿ ಆ ‘ನಂತರ’ ಎಂಬ ಶಬ್ದವನ್ನು ಬಿಡಿಸಿ ಹೇಳಿತು: ತಂದೆ ಸತ್ತ ನಂತರ ಎಂದಲ್ಲ, ತಂದೆಯ ಗೈರುಹಾಜರಿಯಲ್ಲಿ ಎಂದರ್ಥ, ಮಗುವಿನ ಬಗ್ಗೆ ಅವನು ಪೂರ್ತಿ ಉದಾಸೀನನಾಗಿದ್ದರೆ ಅದೂ ಗೈರುಹಾಜರಿಯೇ. ದಿನಾ ಹಾಜರಿ ಕರೆಯುವ ನನಗೆ ಗೈರುಹಾಜರಿಯ ಈ ಅರ್ಥ ಗೊತ್ತಿರಲಿಲ್ಲ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಇನ್ನೂ ಸ್ಪಷ್ಟವಾಗಿ ಹೇಳಿತು. ಎಂಟನೆಯ ಇಯತ್ತೆಯವರೆಗಿನ ಮಗು ಬೇರೆ ಶಾಲೆಗೆ ಹೋಗಬೇಕಾದಾಗ ಮುಖ್ಯಶಿಕ್ಷಕರು ಕೂಡಲೇ ಟೀಸಿ ಕೊಡಬೇಕು. ಟೀಸಿ ತಡವಾಯಿತೆಂದು ಹೊಸ ಶಾಲೆಯವರು ಬಾಗಿಲು ಹಾಕುವಂತಿಲ್ಲ.

ಆ ಹುಡುಗಿಯನ್ನು ನಾನು ಮತ್ತೆ ಕಂಡದ್ದು ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಿ. ಅವಳ ಕಂಕುಳಲ್ಲಿ ಕೂಸಿತ್ತು. ಗುರುತು ಹಿಡಿದವಳು ಅವಳೇ. ‘ಅಲ್ಲಿ ಸಾಲಿಗೆ ಹೋಗ್ಲಿಲ್ರಿ ಅಕ್ಕೋರ. ಕಾಗದ ಕೇಳಿದ್ರ್ಯಾ. ಹೊಟೇಲಿನಾಗ ತಾಟು ತೊಳ್ಯಾಕ ಹತ್ತಿದೆ,’ ಎಂದಳು. 2004ರ ಜೂನ್ 14ರಂದು ಬೈನಾದ ಕಡಲದಂಡೆಗೆ ಬುಲ್ಡೋಜರ್ ಬಂದಾಗ ಇವರ ಖೋಲಿಯೂ ಹೋಯಿತಂತೆ. ಕೆಡವಿದ್ದು ಕೆಂಪುದೀಪದ ಓಣಿ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಓಣಿಯ ಹೆಸರು ಕೂಲಿ ಮಾಡುವ ಹೆಂಗಸರಿಗೂ ಅಂಟಿಕೊಂಡಿತು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬೈಯ್ಯಲೂ ಇಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಮ್ಮ ಜಿಲ್ಲೆಯ ಹೆಂಗಸರು ಗೋವಾದ ಕಡೆಗೇ ಯಾಕೆ ಹೋಗುತ್ತಾರೆ ಎಂದು ಕೇಳುವವರಿದ್ದಾರೆ. ದಾರಿ ಹಳೆಯದು. 1880ರ ದಶಕದಲ್ಲಿ, ಕೊಪ್ಪಳ ಸಾಲಾರ್ ಜಂಗರ ಜಹಗೀರಾಗಿ ನಿಜಾಮನ ಸೀಮೆಯಲ್ಲಿದ್ದ ಕಾಲದಲ್ಲೇ ಇಲ್ಲಿ ರೈಲು ಬಂತು. ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಘಟ್ಟ ಇಳಿದು ಮುರ್ಮುಗಾಂವ ಬಂದರಿಗೆ ಮುಟ್ಟುವ ದಾರಿಯದು. 1961ರ ಡಿಸೆಂಬರಿನಲ್ಲಿ ಪೋರ್ತುಗೀಜರು ಹೋದ ಮೇಲೆ ಅಲ್ಲಿ ಗಣಿ, ಬಂದರು, ಕಟ್ಟಡಗಳ ಕೆಲಸಕ್ಕೆ ಕೈಗಳು ಬೇಕಾದವು. ನಮ್ಮಲ್ಲಿ ಕೈಗಳಿದ್ದವು, ಕೆಲಸವಿರಲಿಲ್ಲ. ತುಂಗಭದ್ರೆಯ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು, ಕುಷ್ಟಗಿ ಯಲಬುರ್ಗಾಗಳಿಗೆ ಆ ನೀರು ಏರಲಿಲ್ಲ. ಅಲ್ಲಿನ ಹೆಂಗಸರು ಮೊದಲು ಗಂಗಾವತಿಯ ಗದ್ದೆಗೆ ನಾಟಿ ಹಚ್ಚಲು ಹೋದರು. ಅದು ಸಾಲದೆ ಘಟ್ಟ ಇಳಿದರು. 2011ರ ಜನಗಣತಿಯಲ್ಲಿ ಗೋವಾದ ನೂರು ಮಂದಿಯಲ್ಲಿ ನಾಲ್ಕೂವರೆಗೆ ಮಿಕ್ಕಿ ಜನ ಕನ್ನಡ ತಾಯಿನುಡಿ ಎಂದು ಬರೆಸಿದ್ದಾರೆ.

ಎರಡನೆಯ ತಾಯಿ ಬಂದದ್ದು 2018ರ ಜೂನ್‌ನಲ್ಲಿ. ಇವಳ ಗಂಡನದು ಮೊದಲು ಓಸಿ, ಆಮೇಲೆ ಫೋನಿನಲ್ಲಿ ಕ್ರಿಕೆಟ್ ಬಾಜಿ. ಏಳನೆಯದು ಮುಗಿಸಿದ ಮಗ, ಅವನಿಗಿಂತ ಚಿಕ್ಕ ಮಗಳು. ಹೊರಟದ್ದು ಪಣಜಿಗೆ.

‘ಜೂಜಿನ ಊರಂತಲ್ರಿ ಅಕ್ಕೋರ ಅದು! ಜೂಜಿನಿಂದ ಮನಿ ಹಾಳಾತಂತ ಜೂಜಿನ ಊರಿಗೇ ಹೊಂಟಾಳ ಅಂತ ಓಣ್ಯಾಗ ನಗಾಕ ಹತ್ಯಾರ್ರಿ.’

ನಗುವವರದು ಪೂರ್ತಿ ಸುಳ್ಳಲ್ಲ. ಗೋವಾ 1976ರಲ್ಲಿ ಜೂಜಿನ ಮೇಲೆ ಕಾಯ್ದೆ ಮಾಡಿತು. 1992ರ ತಿದ್ದುಪಡಿ ಪಂಚತಾರಾ ಹೊಟೇಲುಗಳಲ್ಲಿ ಯಂತ್ರದ ಜೂಜಿಗೆ ಬಾಗಿಲು ತೆರೆಯಿತು, 1996ರದ್ದು ನೀರಿನ ಮೇಲಿನ ಹಡಗಿನಲ್ಲಿ ಮೇಜಿನ ಆಟಕ್ಕೂ ಅನುಮತಿ ಕೊಟ್ಟಿತು. ನಮ್ಮಲ್ಲಿ ಕಟ್ಟೆಯ ಮೇಲೆ ಓಸಿ ಬರೆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೆಯ ಕಲಮಿನಲ್ಲಿ ಕೇಸು. ಅಲ್ಲಿ ಹಡಗಿನ ಮೇಲೆ ಆಡಿದರೆ ಸರಕಾರಕ್ಕೆ ಲೈಸೆನ್ಸು ಫೀ. ಹಾಗೆಂದು ನಮ್ಮ ಊರು ಜೂಜಿನ ಊರಲ್ಲ ಎಂದು ಯಾವ ಬಾಯಿಂದ ಹೇಳುವುದು? ಮನೆ ಹಾಳಾದದ್ದು ಇಲ್ಲಿಯೇ ಅಲ್ಲವೇ?

ಅರ್ಜಿಯಲ್ಲಿ ತಂದೆಯ ಸಹಿ ಎಂದಿದ್ದ ಜಾಗದಲ್ಲಿ ಅವಳ ಕೈಯಿಂದಲೇ ಸಹಿ ಮಾಡಿಸಿದೆ. ಅರ್ಧ ತಾಸಿನಲ್ಲಿ ಟೀಸಿ ಬರೆದೆ. ಚಿಕ್ಕವಳ ಶಾಲೆಗೂ ನಾನೇ ಜೊತೆಗೆ ಹೋದೆ. ಸಹಿ ಮಾಡುವಾಗ ಅವಳ ಕೈ ನಡುಗಲಿಲ್ಲ, ನನ್ನದು ನಡುಗಿತು.

2022ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳ ಪ್ರವಾಸದ ಜೊತೆ ಪಣಜಿಗೆ ಹೋದಾಗ ಅವಳಿಗೆ ಫೋನು ಮಾಡಿದ್ದೆ. ಕದಂಬ ಬಸ್ ನಿಲ್ದಾಣಕ್ಕೆ ಬಂದಳು. ಕನ್ನಡದಲ್ಲಿ ಶಾಸನ ಬರೆಸಿದ ಅರಸರ ಹೆಸರು ಹೊತ್ತ ಆ ನಿಲ್ದಾಣದಲ್ಲಿ ಕುಷ್ಟಗಿಯ ಕನ್ನಡ ಕೇಳಿ ನನಗೆ ಕಣ್ಣು ತುಂಬಿ ಬಂತು. ಸಂಜೆ ಮಕ್ಕಳನ್ನು ಮಾಂಡೋವಿಯ ದಂಡೆಗೆ ಕರೆದುಕೊಂಡು ಹೋದೆವು. ಈ ಕಡೆ ಬಿಜಾಪುರದ ಆದಿಲಶಾಹಿಗಳು ಕಟ್ಟಿಸಿದ ಹಳೆಯ ಅರಮನೆ, ಆ ಕಡೆ ನೀರಿನ ಮೇಲೆ ಬಣ್ಣದ ದೀಪ ಹೊತ್ತು ನಿಂತ ಕ್ಯಾಸಿನೋ ಹಡಗುಗಳು. ‘ಅದರಾಗ ಏನ್ ಮಾಡ್ತಾರ್ರಿ?’ ಎಂದಳೊಬ್ಬ ಹುಡುಗಿ. ನಾನು ಉತ್ತರ ಹುಡುಕುವುದರೊಳಗೆ ಒಬ್ಬ ಹುಡುಗ, ‘ಓಸಿ ಬರಸ್ತಾರ, ಕುರ್ಚಿ ಮ್ಯಾಲ ಕುಂತು’ ಎಂದ. ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ.

ಅವಳು ಅಲ್ಲಿ ಒಬ್ಬ ಗುತ್ತಿಗೆದಾರನ ಲಾಂಡ್ರಿಯಲ್ಲಿ ಹೊಟೇಲುಗಳ, ಹಡಗುಗಳ ಟವೆಲು ಮತ್ತು ಮೇಜಿನ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾಳೆ. ಚಿಂಬೆಲ್ ಕಡೆ ಬಾಡಿಗೆ ಖೋಲಿ. ಮೊದಲ ವರ್ಷ ಕೂಲಿಯ ಬಹುಪಾಲು ಬಾಡಿಗೆಗೇ ಹೋಗುತ್ತಿತ್ತಂತೆ. ರಾತ್ರಿ ಪಾಳಿ ಬಂದಾಗ ಮಕ್ಕಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಅದನ್ನು ಹೇಳುವಾಗ ತಲೆ ತಗ್ಗಿಸಿದಳು. ಮಗ ಇಂಗ್ಲಿಷಿನಲ್ಲಿ ತಡವರಿಸಿ ಒಂಬತ್ತರಲ್ಲಿ ಒಂದು ವರ್ಷ ಹಿಂದೆ ಬಿದ್ದು, ಹತ್ತು ಮುಗಿಸಿ ಐಟಿಐ ಸೇರಿದ್ದ. ಮಗಳು ನನ್ನೊಡನೆ ಅರ್ಧ ಕೊಂಕಣಿಯಲ್ಲಿ ಮಾತಾಡಿದಳು.

‘ಆ ಹಡಗ ಒಳಗ ಹೆಂಗೈತಿ?’ ಎಂದು ಕೇಳಿದೆ.

‘ನಾ ಒಮ್ಮೆನೂ ಹತ್ತಿಲ್ರಿ. ಬಟ್ಟಿ ಅಷ್ಟ ನಮ್ಮ ಕಡೆ ಬರ್ತಾವ್ರಿ. ಮೇಜಿನ ಬಟ್ಟಿ ಮ್ಯಾಲ ಸೆರೆ ಚೆಲ್ಲಿದ ಕಲೆ ಇರ್ತಾವು. ಉಜ್ಜೂ ಮುಂದ ಅನಸ್ತೈತ್ರಿ, ಇದು ಯಾರ ಮನಿ ಎತ್ತೋ ಏನೋ ಅಂತ.’

ಫೋನಿನ ಬಾಜಿಗೆ 2025ರಲ್ಲಿ ಕೇಂದ್ರ ಸರಕಾರ ಕಾಯ್ದೆ ಮಾಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕಟ್ಟೆಯ ಮೇಲೆ ಕೂತವರಿಗೆ ಅದು ಎಷ್ಟು ಮುಟ್ಟೀತೋ ಕಾದು ನೋಡಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂತು, ಹುಬ್ಬಳ್ಳಿಗೆ ಹೋಗುವುದು. ನಿಲ್ದಾಣ ನೋಡಲು ಊರೇ ಹೋಗಿತ್ತು. ಅದರಲ್ಲಿ ಯಾರು ಬರುತ್ತಾರೆ ಎನ್ನುವುದಕ್ಕಿಂತ ಯಾರು ಹೋಗುತ್ತಾರೆ ಎಂದು ನನಗೆ ಯೋಚನೆ.

ಪಣಜಿಯಿಂದ ಹೊರಡುವಾಗ ಅವಳು ಐನೂರರ ಎರಡು ನೋಟು ಮಡಚಿ ನನ್ನ ಕೈಯಲ್ಲಿಟ್ಟಿದ್ದಳು. ‘ಅತ್ತೀಗೆ ಕೊಡ್ರಿ. ಮಂಡಿನೋವಿನ ಗುಳಿಗಿಗೆ. ಆಕಿ ಕೈಯಾಗ ಕೊಡ್ರಿ, ಅವ್ರ ಕೈಯಾಗ ಬ್ಯಾಡ.’ ಊರಿಗೆ ಬಂದ ಮೇಲೆ ಒಂದು ಭಾನುವಾರ ಹೋದೆ. ಗಂಡ ಹೊರಗೆ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದ. ‘ಏನ್ ಬಂದ್ರಿ ಟೀಚರ್?’ ಎಂದ. ‘ಜನಗಣತಿ ಐತೇನೋ ಅಂತ ಕೇಳಾಕ,’ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಒಳಗೆ ಹೋದೆ. ಮುದುಕಿ ನೋಟು ಎಣಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ‘ಹುಡುಗೂರು ಸಾಲಿಗೆ ಹೊಕ್ಕಾವೇನ್ರಿ?’ ಎಂದು ಮೆಲ್ಲಗೆ ಕೇಳಿದಳು.