ಬೆಂಗಳೂರು ತಂಡದ ಏಳು-ಬೀಳು

ಬೆಳಗಾವಿ ಕೊಲ್ಹಾಪುರಗಳ ನಡುವಣ ಸೀಮೆಯಲ್ಲಿ ಕುಸ್ತಿಯ ಕಣವನ್ನು ಕಾಣದ ಊರುಗಳು ವಿರಳ. ಹಿರಣ್ಯಕೇಶಿಯ ದಂಡೆಯ ಸಂಕೇಶ್ವರದವರಿಗೆ ಪೈಲವಾನನ ಸೋಲು-ಗೆಲವುಗಳ ನ್ಯಾಯವನ್ನು ಹೊಸದಾಗಿ ಹೇಳಿಕೊಡಬೇಕಾದದ್ದಿಲ್ಲ. ಅವನ ತೋಳು ಉಳುಕಿದರೆ ಆ ವರ್ಷದ ಕಣವು ಅವನಿಗೆ ಮುಗಿದಂತೆ. ಅವನ ಬದಲಿಗೆ ಮತ್ತೊಬ್ಬನು ಇಳಿದು ಗೆದ್ದರೆ ಆ ಗೆಲವು ಮತ್ತೊಬ್ಬನದೇ. ಹನ್ನೊಂದು ಜನರು ಕೂಡಿ ಆಡುವ ಆಟದ ನ್ಯಾಯವು ಬೇರೆ. ಅಲ್ಲಿ ಒಬ್ಬನ ಗಾಯವು ಎಲ್ಲರ ಗಾಯವಾಗುವದು. ಅವನ ಸ್ಥಾನವನ್ನು ಇನ್ನೊಬ್ಬನು ತುಂಬಿದನೆಂದರೆ ಗೆಲವೂ ಎಲ್ಲರದಾಗುವದು. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಎಂಬ ಕ್ರಿಕೆಟ್ ತಂಡದ ಮೊದಲ ಹದಿನೆಂಟು ವರುಷಗಳ ಇತಿಹಾಸವು ಈ ಸೂತ್ರಕ್ಕೆ ಬರೆದ ಭಾಷ್ಯದಂತಿದೆ.

ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ಸ್ಪರ್ಧೆಯು ೨೦೦೮ನೆಯ ಇಸ್ವಿಯಲ್ಲಿ ಎಂಟು ತಂಡಗಳಿಂದ ಮೊದಲಾಯಿತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವದು, ಪರದೇಶದವರು ನಾಲ್ವರಿಗಿಂತ ಹೆಚ್ಚು ಕಣಕ್ಕಿಳಿಯಬಾರದೆಂಬದು, ಪಕ್ಷಕ್ಕೆ ಇಪ್ಪತ್ತು ಓವರುಗಳ ಆಟ, ಇವು ಅದರ ಮುಖ್ಯ ನಿಯಮಗಳು. ಸುಮಾರು ಏಳು ವಾರಗಳಲ್ಲಿ ಹದಿನಾಲ್ಕು ಪಂದ್ಯಗಳು. ಅವೂ ವೈಶಾಖದ ಬಿಸಿಲಿನಲ್ಲಿ, ಊರಿಂದೂರಿಗೆ ಹಾರುತ್ತ. ಉಳುಕಿದ ಸ್ನಾಯುವು ಮಾಗುವಷ್ಟು ಅವಕಾಶವು ಈ ಪಂಚಾಂಗದಲ್ಲಿಲ್ಲ. ಆದುದರಿಂದಲೇ ಋತುವಿನ ಉತ್ತರಾರ್ಧದಲ್ಲಿ ಬಲಿಷ್ಠ ತಂಡಗಳೂ ಕುಸಿಯುತ್ತವೆ.

ಬೆಂಗಳೂರು ತಂಡವು ರಾಹುಲ ದ್ರಾವಿಡರ ನಾಯಕತ್ವದಲ್ಲಿ ಮೊದಲ ವರ್ಷ ಏಳನೆಯ ಸ್ಥಾನಕ್ಕಿಳಿಯಿತು. ಮರುವರ್ಷ ಸ್ಪರ್ಧೆಯು ದಕ್ಷಿಣ ಆಫ್ರಿಕೆಯಲ್ಲಿ ನಡೆದಾಗ ಅನಿಲ ಕುಂಬಳೆಯವರು ತಂಡವನ್ನು ಅಂತಿಮ ಪಂದ್ಯದ ವರೆಗೆ ಒಯ್ದರು. ಜೋಹಾನ್ಸ್‌ಬರ್ಗಿನ ಆ ಪಂದ್ಯದಲ್ಲಿ ಅವರು ತಾವೇ ೧೬ ರನ್ನುಗಳಿಗೆ ನಾಲ್ಕು ವಿಕೆಟ್ಟುಗಳನ್ನು ಪಡೆದರೂ ತಂಡವು ಆರೇ ರನ್ನುಗಳಿಂದ ಸೋತಿತು.

ಗಾಯದಿಂದ ತಂಡಕ್ಕೆ ಭಾಗ್ಯವು ಬಂದ ಉದಾಹರಣೆಯೂ ಉಂಟು. ೨೦೧೧ರಲ್ಲಿ ಡಿರ್ಕ್ ನ್ಯಾನ್ಸ್ ಎಂಬ ಆಸ್ಟ್ರೇಲಿಯದ ವೇಗದ ಬೌಲರನು ಗಾಯಗೊಂಡನು. ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ವೆಸ್ಟ್ ಇಂಡೀಸಿನ ಕ್ರಿಸ್ ಗೇಲನನ್ನು ಅವನ ಬದಲಿಗೆ ಕರೆಸಲಾಯಿತು. ಏಪ್ರಿಲ್ ೨೨ರಂದು ಕೋಲ್ಕತೆಯಲ್ಲಿ ತನ್ನ ಮೊದಲ ಪಂದ್ಯದಲ್ಲಿಯೇ ಗೇಲನು ಶತಕವನ್ನು ಬಾರಿಸಿದನು. ಅದಕ್ಕೂ ಮುನ್ನ ಸೋಲುಗಳನ್ನು ಕಂಡಿದ್ದ ತಂಡವು ಅಂತಿಮ ಪಂದ್ಯವನ್ನು ಮುಟ್ಟಿತು. ಚೆನ್ನೈಯಲ್ಲಿ ೫೮ ರನ್ನುಗಳಿಂದ ಸೋತಿತು. ಅದೇ ಗೇಲನು ೨೦೧೩ರ ಏಪ್ರಿಲ್ ೨೩ರಂದು ಬೆಂಗಳೂರಿನಲ್ಲಿ ಪುಣೆಯ ತಂಡದ ಮೇಲೆ ಔಟಾಗದೆ ೧೭೫ ರನ್ನು ಹೊಡೆದನು. ತಂಡದ ಮೊತ್ತವು ೨೬೩ ಆಯಿತು. ಈ ತಿಥಿಯನ್ನು ವಾಚಕರು ನೆನಪಿಡಬೇಕು.

೨೦೧೬ರಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಐದನ್ನು ಸೋತ ತಂಡವನ್ನು ನಾಯಕನಾದ ವಿರಾಟ್ ಕೊಹ್ಲಿಯು ಮೇಲೆತ್ತಿದ ಬಗೆಯು ಅದ್ಭುತವಾದದ್ದು. ಕೈ ಸೀಳಿ ಹೊಲಿಗೆ ಹಾಕಿಸಿಕೊಂಡಿದ್ದರೂ ಅವನು ಮೇ ೧೮ರಂದು ಪಂಜಾಬದ ಮೇಲೆ ೫೦ ಚೆಂಡುಗಳಲ್ಲಿ ೧೧೩ ರನ್ನು ಗಳಿಸಿದನು. ಆ ವರ್ಷ ಅವನೊಬ್ಬನ ಗಳಿಕೆಯೇ ೯೭೩ ರನ್ನು, ನಾಲ್ಕು ಶತಕ. ಆದರೂ ಮೇ ೨೯ರಂದು ತನ್ನ ಊರಿನ ಅಂಗಳದಲ್ಲಿಯೇ, ೨೦೯ ರನ್ನುಗಳ ಗುರಿಯನ್ನು ಬೆನ್ನಟ್ಟುತ್ತ ಮೊದಲ ವಿಕೆಟ್ಟಿಗೆ ೧೧೪ ರನ್ನು ಕೂಡಿಸಿದ ತಂಡವು ಹೈದರಾಬಾದಿಗೆ ಎಂಟು ರನ್ನುಗಳಿಂದ ಸೋತಿತು. ಒಬ್ಬನ ಪರಾಕ್ರಮವು ಎಷ್ಟು ದೂರ ಒಯ್ಯಬಲ್ಲದು, ಎಲ್ಲಿ ನಿಲ್ಲುವದು ಎಂಬದು ಅಂದು ಸ್ಪಷ್ಟವಾಯಿತು.

ಮರುವರ್ಷ ಆ ಪಾಠದ ಉತ್ತರಾರ್ಧವು ಬಂದಿತು. ಕೊಹ್ಲಿಯ ಭುಜವು ರಾಂಚಿಯ ಟೆಸ್ಟಿನಲ್ಲಿ ನೊಂದಿತ್ತು. ಮೊದಲ ಮೂರು ಪಂದ್ಯಗಳಿಗೆ ಅವನಿಲ್ಲ. ಕರ್ನಾಟಕದವನೇ ಆದ ಕೆ. ಎಲ್. ರಾಹುಲನು ಭುಜದ ಗಾಯದಿಂದ ಇಡಿಯ ಋತುವಿಗೆ ದೂರವಾದನು. ಎ. ಬಿ. ಡಿವಿಲಿಯರ್ಸನಿಗೆ ಬೆನ್ನುನೋವು. ತರುಣ ಸರ್ಫರಾಜ ಖಾನನೂ ಗಾಯಗೊಂಡು ಹೊರಗುಳಿದನು. ಗಾಯಾಳುಗಳು ಒಬ್ಬೊಬ್ಬರಾಗಿ ಮರಳಿದರೂ ತಂಡದ ಕಾಲು ಊರಲಿಲ್ಲ. ೨೦೧೭ರ ಏಪ್ರಿಲ್ ೨೩ರಂದು, ೨೬೩ರ ಆ ದಿನಕ್ಕೆ ನಾಲ್ಕು ವರುಷ ತುಂಬಿದ ತಿಥಿಯಂದೇ, ಕೋಲ್ಕತೆಯಲ್ಲಿ ೧೩೨ ರನ್ನುಗಳ ಸಾಧಾರಣ ಗುರಿಯ ಎದುರು ಇಡಿಯ ತಂಡವು ೪೯ಕ್ಕೆ ಉರುಳಿತು. ಗೇಲ, ಕೊಹ್ಲಿ, ಡಿವಿಲಿಯರ್ಸರು ಮೂವರೂ ಕಣದಲ್ಲಿದ್ದರು. ಹನ್ನೊಂದು ಜನರಲ್ಲಿ ಒಬ್ಬನಾದರೂ ಹತ್ತು ರನ್ನು ಮುಟ್ಟಲಿಲ್ಲ. ಅನಂತರ ಒಂದು ಪಂದ್ಯವನ್ನು ಮಳೆಯು ನುಂಗಿತು. ಏಪ್ರಿಲ್ ೨೭ರಿಂದ ಮೇ ೭ರ ವರೆಗೆ ಆಡಿದ ಐದು ಪಂದ್ಯಗಳಲ್ಲಿ ಐದೂ ಸೋಲು. ಹದಿನಾಲ್ಕರಲ್ಲಿ ಮೂರೇ ಗೆಲವುಗಳೊಡನೆ, ಹಿಂದಿನ ವರ್ಷ ಅಂತಿಮ ಪಂದ್ಯವನ್ನಾಡಿದ ತಂಡವು ಎಲ್ಲರಿಗಿಂತ ಕೆಳಗೆ ನಿಂತಿತು.

ಇದನ್ನು ದುರ್ದೈವವೆಂದವರು ಹಲವರು. ಆದರೆ ಗಾಯಗಳು ಈ ಪತನಕ್ಕೆ ನಿಮಿತ್ತ ಮಾತ್ರ. ಕಾರಣವು ಹರಾಜಿನ ಕಟ್ಟೆಯಲ್ಲಿಯೇ ಹುಟ್ಟಿತ್ತು. ಮೂರು ನಾಲ್ಕು ಮಹಾರಥರ ಮೇಲೆ ಧನವನ್ನೂ ಭರವಸೆಯನ್ನೂ ಸುರಿದು, ಉಳಿದ ಸ್ಥಾನಗಳನ್ನು ಬರಿದಾಗಿ ಬಿಡುವದು ಆ ತಂಡದ ಹಳೆಯ ರೂಢಿಯಾಗಿತ್ತು. ಕುರುಕ್ಷೇತ್ರದಲ್ಲಿ ಕೌರವರಿಗೆ ಸೇನಾಪತಿಗಳ ಕೊರತೆಯಿರಲಿಲ್ಲ. ಭೀಷ್ಮನು ಹತ್ತು ದಿನ, ದ್ರೋಣನು ಐದು ದಿನ, ಕರ್ಣನು ಎರಡು ದಿನ, ಶಲ್ಯನು ಅರ್ಧ ದಿನ ಸೇನೆಯನ್ನು ನಡೆಯಿಸಿದರು. ಒಬ್ಬನು ಬಿದ್ದಾಗಲೆಲ್ಲ ಮತ್ತೊಬ್ಬನಿಗೆ ಪಟ್ಟವಾಯಿತು. ಅವಧಿ ಮಾತ್ರ ಕುಗ್ಗುತ್ತ ಬಂದಿತು. ಪಟ್ಟಕ್ಕೆ ಬದಲಿಯಾಗುವದು ಸುಲಭ, ಬಲಕ್ಕೆ ಬದಲಿಯಾಗುವದು ದುರ್ಲಭ. ಅಂಥವನನ್ನು ಯುದ್ಧವು ಮೊದಲಾಗುವ ಮುನ್ನವೇ ಸಿದ್ಧಪಡಿಸಿರಬೇಕು.

ತಂಡವು ಇದನ್ನು ಕಲಿತುದಕ್ಕೆ ೨೦೨೫ನೆಯ ಇಸ್ವಿಯೇ ಸಾಕ್ಷಿ. ಆ ಋತುವಿನ ಕೊನೆಯ ಭಾಗದಲ್ಲಿ ನಾಯಕ ರಜತ ಪಾಟೀದಾರನ ಬೆರಳಿಗೆ ಪೆಟ್ಟು, ವೇಗದ ಬೌಲರ ಹೇಝಲ್‌ವುಡ್ಡನಿಗೆ ಭುಜದ ನೋವು. ಕನ್ನಡಿಗ ದೇವದತ್ತ ಪಡಿಕ್ಕಲನು ತೊಡೆಯ ಸ್ನಾಯು ನೊಂದು ಹೊರಬಿದ್ದನು. ಮೇ ೯ರಂದು ಭಾರತ-ಪಾಕಿಸ್ತಾನಗಳ ಸಂಘರ್ಷದ ನಿಮಿತ್ತ ಸ್ಪರ್ಧೆಯೇ ನಿಂತು ಎಂಟು ದಿನಗಳ ಮೇಲೆ ಮರಳಿ ನಡೆಯಿತು. ಮೇ ೨೩ರಂದು ಹೈದರಾಬಾದಿನ ಎದುರು ೪೨ ರನ್ನುಗಳ ಸೋಲಾದಾಗ ಹಳೆಯ ಕಥೆಯು ಮರಳಿತೆಂದು ಅನೇಕರು ಭಾವಿಸಿದ್ದರು. ನಾಲ್ಕು ದಿನಗಳಲ್ಲಿ ಆ ಭಾವನೆಯು ಸುಳ್ಳಾಯಿತು. ಲಖನೌದಲ್ಲಿ ೨೨೮ ರನ್ನುಗಳ ಗುರಿಯ ಎದುರು, ಪಾಟೀದಾರನ ಬದಲು ನಾಯಕನಾಗಿದ್ದ ಜಿತೇಶ ಶರ್ಮನು ೩೩ ಚೆಂಡುಗಳಲ್ಲಿ ಔಟಾಗದೆ ೮೫ ಹೊಡೆದನು. ಮತ್ತೊಂದು ತುದಿಯಲ್ಲಿ ಕೊನೆಯ ವರೆಗೆ ನಿಂತವನು ಪಡಿಕ್ಕಲನ ಬದಲು ಬಂದ ಮಯಾಂಕ ಅಗರವಾಲನು. ಮೇ ೨೯ರಂದು ಮರಳಿ ಬಂದ ಹೇಝಲ್‌ವುಡ್ಡನು ಮೂರು ವಿಕೆಟ್ಟು ಕಿತ್ತು ಪಂಜಾಬವನ್ನು ೧೦೧ಕ್ಕೆ ಉರುಳಿಸುವದರಲ್ಲಿ ಮುಂದಾದನು. ಜೂನ್ ೩ರಂದು ಅಹಮದಾಬಾದಿನಲ್ಲಿ ಅದೇ ಪಂಜಾಬದ ಮೇಲೆ ಆರು ರನ್ನುಗಳ ಜಯ. ೨೦೦೯ರಲ್ಲಿ ಕೈತಪ್ಪಿದ ಅಂತರವೂ ಆರೇ ಆಗಿತ್ತು.

ಇತಿಹಾಸವನ್ನು ಇಲ್ಲಿಗೆ ಮುಗಿಸಿದರೆ ಅದು ಮಂಗಲಾಂತವಾಗುತ್ತಿತ್ತು. ಆದರೆ ಮರುದಿನ, ಜೂನ್ ೪ರಂದು, ವಿಜಯೋತ್ಸವಕ್ಕೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೆರೆದ ಜನಸಾಗರದಲ್ಲಿ ಕಾಲ್ತುಳಿತವಾಗಿ ಹನ್ನೊಂದು ಜನರು ಪ್ರಾಣವನ್ನು ನೀಗಿದರು. ಸೋಲನ್ನು ಎದುರಿಸಲು ಹದಿನೆಂಟು ವರುಷಗಳ ಸಿದ್ಧತೆಯು ನಡೆದಿತ್ತು. ಗೆಲವನ್ನು ಎದುರಿಸಲು ಒಂದು ದಿನದ ಸಿದ್ಧತೆಯೂ ಸರಿಯಾಗಿ ಆಗಲಿಲ್ಲ. ನೊಂದ ಆಟಗಾರನ ಸ್ಥಾನಕ್ಕೆ ಬದಲಿಯವನು ಬರಬಹುದು, ನೊಂದವನೂ ಮಾಗಿ ಮರಳಬಹುದು. ಆ ಹನ್ನೊಂದು ಮನೆಗಳಲ್ಲಿ ತೆರವಾದ ಸ್ಥಾನವು ತೆರವಾಗಿಯೇ ಉಳಿಯುವದು. ಆಟದ ಗೆಲವನ್ನು ಹೊಗಳುವವರು ಈ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆದಿಡತಕ್ಕದ್ದು.