ಯಂತ್ರ ಉಸಿರು ಕೊಟ್ಟೀತು, ಕಸುವು?

ಮೊಳಕಾಲ್ಮುರು ತಾಲ್ಲೂಕಿನ ರಾಂಪುರ ಹೆದ್ದಾರಿಯ ಊರು. ಅತ್ತ ಬಳ್ಳಾರಿ, ಇತ್ತ ಚಳ್ಳಕೆರೆ. ಇಂಥ ಊರಿನ ಅಜ್ಜಿಯೊಬ್ಬರಿಗೆ ನ್ಯುಮೋನಿಯಾ ಬಿಗಡಾಯಿಸಿತೆಂದರೆ ಮನೆಯವರು ದೊಡ್ಡಾಸ್ಪತ್ರೆಯ ದಾರಿ ಹಿಡಿಯಬೇಕು. ಬಳ್ಳಾರಿಯಲ್ಲಿ 1961ರಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿತ್ತು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಕ್ಕಳು ಕೇಳುವುದು ಒಂದೇ: ‘ವೆಂಟಿಲೇಟರ್ ಹಾಕಿದರೆ ಉಳೀತಾರಾ?’ ವೈದ್ಯರು ಈಗ ಅದಕ್ಕೊಂದು ಮರುಪ್ರಶ್ನೆ ಹಾಕುವುದುಂಟು: ‘ಎರಡು ವಾರದ ಹಿಂದೆ ಹೇಗಿದ್ದರು?’

ಈ ಮರುಪ್ರಶ್ನೆ ಹುಟ್ಟಲು ಅರ್ಧ ಶತಮಾನ ಹಿಡಿಯಿತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಮೊದಲ ಮೂರು ವಾರಗಳಲ್ಲಿ ಅಲ್ಲಿದ್ದ ಯಂತ್ರಗಳ ಆಸರೆ ಪಡೆದ 31 ಮಂದಿಯಲ್ಲಿ 27 ಮಂದಿ ಸತ್ತರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯ ಕೊರಳಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಸಾವು ಗಣನೀಯವಾಗಿ ಇಳಿಯಿತು. ಇಂದಿನ ವೆಂಟಿಲೇಟರ್ ಮಾಡುವುದು ಆ ಹುಡುಗರ ಕೆಲಸವನ್ನೇ.

ಆದರೆ ಆ ರೋಗಿಗಳಲ್ಲಿ ಹೆಚ್ಚಿನವರು ಎಳೆಯರು. ಉಸಿರಿನ ಸ್ನಾಯು ಸೋತಿತ್ತು, ಉಳಿದ ಮೈ ಗಟ್ಟಿಯಾಗಿತ್ತು. ಇಂದು ಯಂತ್ರಕ್ಕೆ ಬರುವವರಲ್ಲಿ ಅನೇಕರದು ಮೊದಲೇ ಸವೆದ ಮೈ. ಈ ಸವೆತ ಮುಪ್ಪೇ ಅಲ್ಲ. ಎಂಬತ್ತರಲ್ಲೂ ಹೊಲಕ್ಕೆ ಹೋಗಿಬರುವವರಿದ್ದಾರೆ, ಅರವತ್ತಕ್ಕೇ ಗೋಡೆ ಹಿಡಿದು ನಡೆಯುವವರೂ ಇದ್ದಾರೆ. ಸಣ್ಣ ಜ್ವರಕ್ಕೂ ಮೈ ಕುಸಿದು, ಮತ್ತೆ ಮೊದಲಿನಂತಾಗದ ಸ್ಥಿತಿ ಇದು.

ಇದನ್ನು ಅಳೆಯಲು ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಏಳು ಮೆಟ್ಟಿಲಿನ ಮಾಪನವೊಂದನ್ನು ಮುಂದಿಟ್ಟರು. ಮುಂದೆ ಅದು ಒಂಬತ್ತಾಯಿತು. 2014ರಲ್ಲಿ ಆ ದೇಶದ ಆಲ್ಬರ್ಟಾ ಪ್ರಾಂತ್ಯದ ಆರು ಆಸ್ಪತ್ರೆಗಳ ಅಧ್ಯಯನ ಪ್ರಕಟವಾಯಿತು. ನಿಗಾ ಘಟಕ ಸೇರಿದ, ಐವತ್ತು ದಾಟಿದ 421 ಮಂದಿಯಲ್ಲಿ ಮೂರನೇ ಒಂದರಷ್ಟು ಜನರ ಮೈ ಸವೆದಿತ್ತು. ಅವರಲ್ಲಿ ಶೇ 32ರಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರೆ, ಉಳಿದವರಲ್ಲಿ ಶೇ 16. ವೆಂಟಿಲೇಟರ್ ಮೇಲಿದ್ದವರನ್ನೇ ಕುರಿತ 2019ರ ಒಂಟಾರಿಯೊ ಅಧ್ಯಯನದಲ್ಲಿ, ಇಂಥವರಿಗೆ ಕೊಳವೆ ತೆಗೆದರೂ ಮತ್ತೆ ಹಾಕಬೇಕಾಗಿ ಬರುವುದು ಹೆಚ್ಚೆಂದು ಕಂಡಿತು.

ಕಾರಣ ಸ್ನಾಯುವಿನಲ್ಲಿದೆ. ಯಂತ್ರವೇ ಪೂರ್ತಿ ಉಸಿರಾಡಿಸಿದರೆ ವಪೆ ದುಡಿಮೆ ಮರೆಯುತ್ತದೆ. ಮೂರು ದಿನದೊಳಗೇ ಅದರ ಎಳೆಗಳು ಸೊರಗಿದ್ದನ್ನು 2008ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ತೀವ್ರ ಕಾಯಿಲೆಯವರ ತೊಡೆಯ ಸ್ನಾಯು ಹತ್ತು ದಿನದಲ್ಲಿ ಸುಮಾರು ಶೇ 18ರಷ್ಟು ಕರಗಿದ್ದು 2013ರ ಲಂಡನ್ ಅಧ್ಯಯನದಲ್ಲಿ ಕಂಡಿತು. ಗಟ್ಟಿಮುಟ್ಟಾದವನು ಗಂಟಿನಿಂದ ಖರ್ಚು ಮಾಡಿಯಾನು. ಸವೆದವರ ಬಳಿ ಗಂಟೇ ಇರುವುದಿಲ್ಲ.

ಹಾಗೆಂದು ಕೈಚೆಲ್ಲಬೇಕಿಲ್ಲ. ರೋಗಿಯನ್ನು ಬೇಗ ಎಚ್ಚರಗೊಳಿಸಿ ವ್ಯಾಯಾಮ ಮಾಡಿಸಿದಾಗ, ಮನೆಗೆ ಹೊರಡುವ ಹೊತ್ತಿಗೆ ಶೇ 59 ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಮಾಡಿಸದವರಲ್ಲಿ ಶೇ 35. ಇದು 104 ಮಂದಿಯ 2009ರ ಪ್ರಯೋಗ. 2022ರಲ್ಲಿ 750 ಮಂದಿಯ ಪ್ರಯೋಗ ಎಚ್ಚರಿಕೆಯನ್ನೂ ಕೊಟ್ಟಿತು: ವಾಡಿಕೆಗಿಂತ ಜಾಸ್ತಿ ನಡೆದಾಡಿಸಿದರೆ ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಿದವು.

ಕೋವಿಡ್ ಬಂದಾಗ ಈ ಮಾಪನ ಬೀದಿ ಚರ್ಚೆಯಾಯಿತು. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಇದನ್ನು ಬಳಸಲು ಹೇಳಿತು. ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು. ಹುಟ್ಟಿನಿಂದಲೇ ಪರಾವಲಂಬಿಯಾದ ಯುವಕನನ್ನು ಸವೆದವನೆಂದು ಎಣಿಸಬಹುದೇ? ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು. ಅದೇ ವರ್ಷ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದ ಆಧಾರದಲ್ಲಿ ಬೆಂಗಳೂರಿನ ಬಿ.ಇ.ಎಲ್. 30,000 ವೆಂಟಿಲೇಟರ್ ಮಾಡುವ ಹೊಣೆ ಹೊತ್ತಿತು. ಯಂತ್ರದ ಕೊರತೆ ತಗ್ಗಿತು. ಅದರಿಂದ ಬಿಡಿಸಿಕೊಳ್ಳುವ ಕಷ್ಟ ಹಾಗೆಯೇ ಉಳಿಯಿತು.

ಮಾಪನವನ್ನು ನಮ್ಮ ಕಡೆಗೆ ಹೊಂದಿಸುವುದೂ ಸುಲಭವಲ್ಲ. ಹಣದ ಲೆಕ್ಕ, ಅಡುಗೆ, ಒಬ್ಬರೇ ಪ್ರಯಾಣ ಇತ್ಯಾದಿ ಅದರಲ್ಲಿದೆ. ರಾಂಪುರದ ಕಡೆಯ ಅಜ್ಜ ಜನ್ಮದಲ್ಲಿ ಒಲೆ ಹಚ್ಚಿರಲಿಕ್ಕಿಲ್ಲ, ಅಜ್ಜಿ ಬ್ಯಾಂಕಿನ ಮುಖ ಕಂಡಿರಲಿಕ್ಕಿಲ್ಲ. ಅದು ಸವೆತವಲ್ಲ, ರೂಢಿ. ಇಲ್ಲಿ ಕೇಳಬೇಕಾದದ್ದು ಬೇರೆ: ನಲ್ಲಿಯಿಂದ ಕೊಡ ತರುತ್ತಿದ್ದರೇ? ಶೇಂಗಾ ಬಿಡಿಸಲು ಕೂರುತ್ತಿದ್ದರೇ? ಚಾಪೆಯಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತೇ? ಇದಕ್ಕೆ ಉತ್ತರ ಹೇಳಬಲ್ಲವರು ಬಾಗಿಲ ಹೊರಗೆ ನಿಂತ ಸೊಸೆ, ಮೊಮ್ಮಕ್ಕಳು.